ಬಸ್‌ಸ್ಟ್ಯಾಂಡಿನ ತೂಕ್‌ಬೊಳ್‌ಚ

ಮೊದಲ ಸಭೆಯಲ್ಲಿ ಅವರು ಕೇಳಿದ್ದು ಪೀಚೆಕತ್ತಿ:
ಇಪ್ಪತ್ತಡಿ ಎತ್ತರ, ಬಣ್ಣ ಬದಲಿಸುವ ಎಲ್‌ಇಡಿ,
ಮೈಸೂರಿನ ಬಸ್ಸಿಗೆ ತಿತಿಮತಿ ದಾಟುತ್ತಲೇ ಕಾಣಬೇಕು.
ಇನ್ನೊಬ್ಬರಿಗೆ ಕಾಫಿ ಕಪ್ಪು, ಆವಿಯೂ ಉರಿಯುವಂಥದ್ದು.
ಟೀ ಬಂತು. ಯಾರೂ ಕಾಫಿ ಕೇಳಲಿಲ್ಲ.

ಪೆನ್ಸಿಲಿನ ಹಿಂಬದಿ ಕಚ್ಚುತ್ತ ಕೂತೆ.
ಯಾರನ್ನು ಇರಿಯಲು, ಗೋಣಿಕೊಪ್ಪದಲ್ಲಿ,
ರಾತ್ರಿಯಿಡೀ ಒಂದು ಕತ್ತಿ?

ಬರೆದದ್ದು ಬೇರೆ: ನಮ್ಮ ಐನ್‌ಮನೆಯ ನೆಲ್ಲಕ್ಕಿಯಲ್ಲಿ
ಸರಪಳಿಗೆ ಜೋತ ತೂಕ್‌ಬೊಳ್‌ಚ.
ಅದರಡಿ ನಿಂತು ನಮ್ಮವರು ಗದ್ದೆಯ ಗಡಿ ಒಪ್ಪಿದ್ದರು,
ಮದುವೆ ಒಪ್ಪಿದ್ದರು,
ಒಂದು ಸಲ ಕೊಲೆಯನ್ನೂ ಒಪ್ಪಿದ್ದರಂತೆ.
ದೀಪದ ಕೆಳಗೆ ಸುಳ್ಳಾಡಬಾರದು.
ಬೆಲ್ಲ ಕದ್ದ ನನ್ನನ್ನು ಅವ್ವ
ರಟ್ಟೆ ಹಿಡಿದು ಅಲ್ಲಿಗೇ ಎಳೆದು ತರುತ್ತಿದ್ದಳು.

ಇದನ್ನು ಸಭೆಯಲ್ಲಿ ಹೇಳಿದ್ದೇ ತಪ್ಪಾಯಿತು.
ಅಧ್ಯಕ್ಷ ಬೆಳ್ಯಪ್ಪನವರು ಕನ್ನಡಕ ಒರೆಸಿದರು, ಮತ್ತೆ ಒರೆಸಿದರು:
‘ಅಲ್ಲಮ್ಮಾ, ಬಸ್‌ಸ್ಟ್ಯಾಂಡಿನಲ್ಲಿ?’
ಕರಿಮೆಣಸಿನ ವ್ಯಾಪಾರಿ ನಕ್ಕ, ಸ್ವಲ್ಪ ತಡವಾಗಿ.
ಚುನಾವಣೆ ಬಂದರೆ ವೇದಿಕೆ ಎಲ್ಲಿ ಹಾಕೋದು?
‘ಹೊರಟೇಬಿಡ್ತು, ಹೊರಟೇಬಿಡ್ತು’ ಎಂದು
ಅರ್ಧ ಗಂಟೆ ಕೂಗುವ ಏಜೆಂಟನ ಗತಿ?
ಹತ್ತಡಿಯಲ್ಲ, ಹದಿನಾರಡಿಗೆ ತೂಗಿಸಿ,
ಅಷ್ಟು ಮೇಲಕ್ಕೆ ಕೇಳಿಸಲಿಕ್ಕಿಲ್ಲ,
ಎಂಬಲ್ಲಿಗೆ ರಾಜಿಯಾಯಿತು.
ನಡಾವಳಿ ಪುಸ್ತಕದಲ್ಲಿ ಬರೆದದ್ದು:
‘ಲಾರಿಗಳ ಎತ್ತರದ ದೃಷ್ಟಿಯಿಂದ.’

ಮೊಯ್ದುವಿನ ಶೆಡ್ಡಿನಲ್ಲಿ ತಗಡು ಬಾಗಿತು.
ಹಿತ್ತಾಳೆಯಲ್ಲ; ಬಜೆಟ್ಟಿಗೆ ದಕ್ಕಿದ್ದು ಹಿತ್ತಾಳೆಯ ಬಣ್ಣ.
ಪರೀಕ್ಷೆಯ ರಾತ್ರಿ ಮಂಜಿಳಿದು
ಬಿಳಿ ಬೆಳಕನ್ನು ಹತ್ತಿಯುಂಡೆ ಮಾಡಿತು.
‘ಆಸ್ಪತ್ರೆ ಥರ ಉಂಟು’ ಎಂದ ಮೊಯ್ದು.
ಬಲ್ಬು ಬದಲಿಸಿದೆವು. ನಾಲ್ಕು ಸಾವಿರ ಕೆಲ್ವಿನ್, ಮೂರು,
ಎರಡು ಸಾವಿರದ ಇನ್ನೂರಕ್ಕಿಳಿದಾಗ
ಕಾದ ಎಣ್ಣೆಯ ವಾಸನೆ, ನಿಜವಾಗಿ!
ಪಕ್ಕದ ಹೋಟೆಲಿನಲ್ಲಿ ಬೋಂಡ ಕರಿಯುತ್ತಿದ್ದರು.

ಆದರೂ ಏನೋ ಕಡಿಮೆ.
ಊರಿಗೆ ಹೋಗಿ ನೆಲ್ಲಕ್ಕಿಯಲ್ಲಿ ಅಂಗಾತ ಮಲಗಿ ನೋಡಿದೆ.
ದೀಪದ ನೆತ್ತಿಯ ಹಲಗೆಯಲ್ಲಿ
ತಾತ ಮುತ್ತಾತರ ಕಾಲದಿಂದ ಕೂತ ಮಸಿ,
ಕಪ್ಪು ತಟ್ಟೆಯಷ್ಟು ಮಸಿ.
ಅದನ್ನೂ ಬರೆದುಕೊಂಡೆ, ಅದನ್ನೂ ಮಾಡಿಸಿದೆ:
ದೀಪದ ಮೇಲೊಂದು ಕರಿಯ ಮುಚ್ಚಳ,
ಬೆಳಕು ಆಕಾಶಕ್ಕೇರದಂತೆ,
ಮಿಂಚುಹುಳಕ್ಕೆ ಅದರ ಕತ್ತಲು ಅದಕ್ಕೇ ಇರುವಂತೆ.

ಮಲಗಿದ್ದಾಗಲೇ ಕಣ್ಣಿಗೆ ಬಿದ್ದದ್ದು ಇನ್ನೊಂದು.
ಬೆಳಕು ಹೊಸ್ತಿಲ ತನಕ ಬರುತ್ತದೆ, ನಿಲ್ಲುತ್ತದೆ.
ಅಂಗಳದಲ್ಲಿ ಕೂಲಿಗೆ ಚಾಚಿದ ಕೈಗಳು ನನಗೆ ನೆನಪಿವೆ.
ಮುಖಗಳು, ಎಷ್ಟು ಹುಡುಕಿದರೂ,
ಇಲ್ಲ.

ನಕ್ಷೆಯಲ್ಲಿ ಇದಕ್ಕೆ ಕಾರಣ ಬರೆಯಲಿಲ್ಲ.
ಬೆಳಕಿನ ವೃತ್ತವನ್ನು ಎರಡು ಮಾರು ಹಿಗ್ಗಿಸಿದೆ ಅಷ್ಟೆ,
ಲೈನ್‌ಮನೆಗಳ ಕೊನೆಯ ಜೀಪು ನಿಲ್ಲುವಲ್ಲಿಯ ತನಕ.
ಕೇಬಲ್ಲಿಗೆ ಎಷ್ಟು ಹೆಚ್ಚಾಯಿತೆಂದು ಯಾರೂ ಕೇಳಲಿಲ್ಲ.
ಕೇಳಿದ್ದರೆ ಲಾರಿಗಳ ದೃಷ್ಟಿಯಿಂದ ಎನ್ನುತ್ತಿದ್ದೆನೇನೋ.

ಮೊನ್ನೆ ಹಚ್ಚಿದೆವು.
ಭಾಷಣಗಳೆಲ್ಲ ಪಕ್ಕದ ಕಲ್ಯಾಣಮಂಟಪದ ಒಳಗೆ ನಡೆದವು.
ಮೊಯ್ದು ಕತ್ತು ನೀವಿಕೊಳ್ಳುತ್ತ ತನ್ನ ಬೆಸುಗೆಗಳನ್ನೇ ನೋಡುತ್ತಿದ್ದ.
ಏಜೆಂಟ್ ತನ್ನ ಸ್ಟೂಲನ್ನು
ಮೆಲ್ಲಗೆ ಮೆಡಿಕಲ್ ಶಾಪಿನ ಕಡೆ ಸರಿಸಿಕೊಂಡ.

ಸಂತೆಚೀಲ ಹೊತ್ತು ಹಾಡಿಯ ಬೊಳ್ಳಿ ಬಂದಳು.
ತಲೆಯೆತ್ತಿ ನೋಡಲಿಲ್ಲ.
ದೀಪದ ಸರಿ ಕೆಳಗೆ ನಿಂತು
ರವಿಕೆಯಿಂದ ವಾರದ ಸಂಬಳ ತೆಗೆದು ಎಣಿಸಿದಳು.
ಬೆರಳಿಗೆ ಎಂಜಲು ಹಚ್ಚಿ ಇನ್ನೊಮ್ಮೆ ಎಣಿಸಿದಳು.
ಆಮೇಲೆ ಫೋನು ಕಿವಿಗಿಟ್ಟು,
ನಾಲ್ಕು ಅಂಗಡಿಗೆ ಕೇಳುವಂತೆ:
‘ಇಲ್ಲ ಸಾರ್. ನೂರು ಕಮ್ಮಿ ಉಂಟು.’

ಜೀಪು ಹಾರ್ನ್ ಹೊಡೆಯಿತು.
ಅವಳು ಅತ್ತ ತಿರುಗದೆಯೇ ಕೈಯೆತ್ತಿದಳು:
ನಿಲ್ಲು.